ಆಸ್ತಿಯಿದ್ದವರಿಗೆ ಕಾಯ್ದೆ, ಇಲ್ಲದವರಿಗೆ ಅರ್ಜಿ

ಕಡೂರು, ತರೀಕೆರೆ, ಕೆಲವು ವರ್ಷಗಳ ಹಿಂದೆ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದ ಅಜ್ಜಂಪುರ – ಮೂರೂ ಊರುಗಳ ತಾಲ್ಲೂಕು ಕಚೇರಿಗಳಲ್ಲಿ ಶಾಲೆ, ಕಾಲೇಜು ಸೇರುವ ಕಾಲ ಬಂತೆಂದರೆ ಜನ ನೆರೆಯುತ್ತಾರೆ. ಜಾತಿ ಪ್ರಮಾಣಪತ್ರ ಬೇಕು, ಆದಾಯ ಪ್ರಮಾಣಪತ್ರ ಬೇಕು. ಅರ್ಜಿ ಕೊಟ್ಟ ಮೇಲೆ ಊರಿನ ಮಟ್ಟದಲ್ಲಿ ವಿಚಾರಣೆ, ಕಂದಾಯ ನಿರೀಕ್ಷಕರ ಷರಾ, ಕೊನೆಗೆ ತಹಶೀಲ್ದಾರರ ಸಹಿ. ಇದು ರಾಜ್ಯದ ಎಲ್ಲ ತಾಲ್ಲೂಕುಗಳಲ್ಲೂ ನಡೆಯುವ ಮಾಮೂಲು ವ್ಯವಹಾರ.

ಈ ಮಾಮೂಲು ವ್ಯವಹಾರದಲ್ಲಿ ಒಂದು ವಿಚಿತ್ರ ಅಡಗಿದೆ. ಎ.ಕೆ. ಕಾಲೊನಿಯ ಒಂದೇ ಬೀದಿಯಲ್ಲಿ ಅಣ್ಣ ತಮ್ಮಂದಿರ ಎರಡು ಮನೆಗಳಿವೆ ಎಂದಿಟ್ಟುಕೊಳ್ಳಿ. ತಾತ ಒಬ್ಬನೇ, ಜಾತಿ ಒಂದೇ, ಕೂಲಿಗೆ ಹೋಗುವ ಹೊಲವೂ ಒಂದೇ. ಅಣ್ಣ ಹಿಂದೂ, ತಮ್ಮ ಕ್ರೈಸ್ತ. ಅಣ್ಣನ ಮಗ ಪರಿಶಿಷ್ಟ ಜಾತಿಯವನು. ತಮ್ಮನ ಮಗ ಅಲ್ಲ. ತಮ್ಮ ಸಿಖ್ಖನೋ ಬೌದ್ಧನೋ ಆಗಿದ್ದರೆ ಅವನ ಮಗನೂ ಪರಿಶಿಷ್ಟ ಜಾತಿಯವನೇ ಆಗಿರುತ್ತಿದ್ದ. ಧರ್ಮದ ಕಲಮಿನಲ್ಲಿ ಬರೆದ ಒಂದು ಪದ ಜಾತಿಯ ಕಲಮಿನ ಬಲವನ್ನೆಲ್ಲ ತೆಗೆದುಬಿಡುತ್ತದೆ.

ಈ ಒಂದು ಪದದ ಹಿಂದೆ ನೂರೆಂಬತ್ತು ವರ್ಷಗಳ ಇತಿಹಾಸವಿದೆ. ಧರ್ಮಸಂಸ್ಥೆಗಳು ಸರ್ಕಾರದ ಬಾಗಿಲಿಗೆ ಹೋಗಿ ‘ಇಂಥ ಕಾಯ್ದೆ ಮಾಡಿ’, ‘ಇಂಥ ಕಾಯ್ದೆ ತಿದ್ದಿ’ ಎಂದು ಕೇಳಿದ ಇತಿಹಾಸ ಅದು. ಅಮೆರಿಕದಲ್ಲಿ ಲೂಥರನ್ ಸಭೆಗಳು ವಾಷಿಂಗ್ಟನ್ನಿನಲ್ಲೂ ಹಲವು ರಾಜ್ಯಗಳ ರಾಜಧಾನಿಗಳಲ್ಲೂ ಇದಕ್ಕೆಂದೇ ಕಚೇರಿಗಳನ್ನಿಟ್ಟುಕೊಂಡು, ಬಡವರ ಆಹಾರ, ವಸತಿ, ವಲಸಿಗರ ಹಕ್ಕುಗಳ ಬಗ್ಗೆ ಶಾಸಕರೊಡನೆ ವಾದಿಸುತ್ತವೆ. ಕನ್ನಡ ನಾಡಿನಲ್ಲಿ ಇದರ ಕಥೆ ಬೇರೆ. ಇಲ್ಲಿ ಕಾಯ್ದೆ ಬಂದದ್ದು ಮೊದಲು ಆಸ್ತಿಯಿದ್ದವರಿಗೆ. ಏನೂ ಇಲ್ಲದವರ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ.

ಎರಡು ಆಡಳಿತ

1517ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಪೋಪರ ಅಧಿಕಾರವನ್ನು ಪ್ರಶ್ನಿಸಿದ ಮಾರ್ಟಿನ್ ಲೂಥರ್‌ನ ಅನುಯಾಯಿಗಳು ಲೂಥರನ್ನರು. ದೇವರು ಲೋಕವನ್ನು ಎರಡು ರೀತಿ ಆಳುತ್ತಾನೆ ಎಂಬುದು ಲೂಥರ್‌ನ ಬೋಧೆ: ಸಭೆಯಲ್ಲಿ ವಾಕ್ಯದ ಮೂಲಕ, ಲೋಕದಲ್ಲಿ ದೊರೆಯ ಕತ್ತಿಯ ಮೂಲಕ. ಎರಡನ್ನೂ ಬೆರೆಸಬಾರದು. 1525ರಲ್ಲಿ ಜರ್ಮನಿಯ ರೈತರು ಬೈಬಲನ್ನೇ ಮುಂದಿಟ್ಟುಕೊಂಡು ಗೇಣಿ, ಬಿಟ್ಟಿಗಳ ವಿರುದ್ಧ ದಂಗೆ ಎದ್ದಾಗ ಲೂಥರ್ ಅವರ ಪರ ನಿಲ್ಲಲಿಲ್ಲ, ಕಟುವಾಗಿ ವಿರೋಧಿಸಿದ. ಹೀಗಾಗಿ ದೊರೆಯ ಕಾಯ್ದೆಯಲ್ಲಿ ಕೈಹಾಕಲು ಹಿಂಜರಿಯುವುದು ಲೂಥರನ್ ಪರಂಪರೆಯಲ್ಲಿ ಬಹುಕಾಲ ಉಳಿಯಿತು.

ಈ ಪರಂಪರೆ ಭಾರತಕ್ಕೆ ಬಂದದ್ದು 1706ರಲ್ಲಿ. ತಮಿಳುನಾಡಿನ ತರಂಗಂಬಾಡಿಗೆ ಡೆನ್ಮಾರ್ಕಿನ ದೊರೆ ಕಳುಹಿಸಿದ ಝೀಗನ್‌ಬಾಲ್ಗ್ ಮತ್ತು ಪ್ಲುಚ್ಚೌ ಮೊದಲಿಗರು. ಕನ್ನಡ ಕರಾವಳಿಗೆ ಅದು ಬಂದದ್ದು ಬಾಸೆಲ್ ಮಿಷನ್ನಿನ ಮೂಲಕ. 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ನೆಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವಾದರೂ ಅದರ ಕೆಲಸಗಾರರಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಲೂಥರನ್ ಮನೆತನಗಳಿಂದ ಬಂದವರು. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆದ ಮೇಲೆ, 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದವರೆಂದು ಮೋಗ್ಲಿಂಗರ ಹೆಸರು ಕನ್ನಡಿಗರಿಗೆಲ್ಲ ಪರಿಚಿತ. ಮತಾಂತರ ಮತ್ತು ಕಾನೂನಿನ ಪ್ರಶ್ನೆ ಎದ್ದದ್ದೂ ಅದೇ ಮೋಗ್ಲಿಂಗರ ಶಾಲೆಯ ಹುಡುಗನೊಬ್ಬನಿಂದ.

ಕೌಂಡಿನ್ಯರ ದೀಕ್ಷೆ

1844ರ ಜನವರಿ 6ರಂದು ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ತರುಣರು ಕೆಲವರು ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ವಯಸ್ಸು ಹತ್ತೊಂಬತ್ತರ ಆಸುಪಾಸು, ಆಗಲೇ ಮದುವೆಯಾಗಿತ್ತು. ಪಟ್ಟಣದಲ್ಲಿ ದೊಡ್ಡ ಕೋಲಾಹಲವಾಯಿತು. ಮನೆತನ ದೂರವಾಯಿತು, ಹೆಂಡತಿ ಜೊತೆಗೆ ಬರಲು ಒಪ್ಪಲಿಲ್ಲ. ಕೌಂಡಿನ್ಯರು 1846ರಲ್ಲಿ ಬಾಸೆಲ್ಲಿಗೆ ಹೋಗಿ ವಿದ್ಯಾಭ್ಯಾಸ ಮಾಡಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಮರಳಿದರು.

ಆಗಿನ ಹಿಂದೂ ಧರ್ಮಶಾಸ್ತ್ರದ ಪ್ರಕಾರ ಜಾತಿಭ್ರಷ್ಟನಾದವನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ. ಪಿಂಡ ಇಡುವ ಅಧಿಕಾರ ಕಳೆದುಕೊಂಡವನಿಗೆ ದಾಯಭಾಗವೂ ಇಲ್ಲ ಎಂಬುದು ಅದರ ತರ್ಕ. ಹೆಂಡತಿ ಬಿಟ್ಟುಹೋದರೂ ಮದುವೆ ಮಾತ್ರ ಬಿಟ್ಟುಹೋಗುತ್ತಿರಲಿಲ್ಲ. ಕ್ರೈಸ್ತ ಸಭೆಯಲ್ಲಿ ಎರಡನೆಯ ಹೆಂಡತಿಗೆ ಅವಕಾಶವಿಲ್ಲ. ಹಿಂದೂ ವಿವಾಹವನ್ನು ಮುರಿಯಲು ಸ್ಪಷ್ಟವಾದ ಕಾಯ್ದೆಯೂ ಇಲ್ಲ. ಬಂಗಾಳ, ಮದರಾಸು, ಮುಂಬಯಿಗಳಲ್ಲೆಲ್ಲ ಮೇಲುಜಾತಿಯ ವಿದ್ಯಾವಂತ ತರುಣರು ಕ್ರೈಸ್ತರಾದಾಗ ಇದೇ ಎರಡು ಗಂಟುಗಳು ಎದುರಾಗುತ್ತಿದ್ದವು: ಆಸ್ತಿ ಮತ್ತು ಹೆಂಡತಿ.

ಮಿಷನರಿಗಳು ಸರ್ಕಾರಕ್ಕೆ ಮನವಿಗಳ ಮೇಲೆ ಮನವಿ ಸಲ್ಲಿಸಿದರು. 1832ರಲ್ಲೇ ಬಂಗಾಳದ ಮಟ್ಟಿಗೆ ಬೆಂಟಿಂಕ್ ಒಂದು ನಿಯಮ ಮಾಡಿದ್ದ. ಅದನ್ನು ಕಂಪನಿಯ ಆಡಳಿತದ ಎಲ್ಲ ಪ್ರದೇಶಗಳಿಗೂ ವಿಸ್ತರಿಸುವ ಕರಡು 1845ರಲ್ಲಿ ಹೊರಬಂದಾಗ ಕಲ್ಕತ್ತಾ ಮತ್ತು ಮದರಾಸುಗಳ ಹಿಂದೂ ಮುಖಂಡರು ಉಗ್ರವಾಗಿ ಪ್ರತಿಭಟಿಸಿದರು. ಹಿರಿಯರ ಶ್ರಾದ್ಧ ಮಾಡದವನಿಗೆ ಹಿರಿಯರ ಹೊಲವೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಅವರ ದೃಷ್ಟಿಯಿಂದ ನ್ಯಾಯವಾದದ್ದೇ. ಆದರೂ ಡಾಲ್‌ಹೌಸಿಯ ಕಾಲದಲ್ಲಿ, 1850ರ 21ನೆಯ ಕಾಯ್ದೆಯಾಗಿ ಅದು ಜಾರಿಗೆ ಬಂತು. ಜಾತಿಯಿಂದ ಹೊರಹಾಕಲ್ಪಟ್ಟ ಕಾರಣಕ್ಕೋ ಧರ್ಮ ಬಿಟ್ಟ ಕಾರಣಕ್ಕೋ ಯಾರೂ ಆಸ್ತಿಯ ಹಕ್ಕು ಕಳೆದುಕೊಳ್ಳತಕ್ಕದ್ದಲ್ಲ ಎಂಬ ಒಂದೇ ಒಂದು ಕಲಮಿನ ಕಾಯ್ದೆ ಅದು. 1857ರ ದಂಗೆಯ ಕಾರಣಗಳನ್ನು ವಿವೇಚಿಸಿದ ಸರ್ ಸಯ್ಯದ್ ಅಹ್ಮದ್ ಖಾನರು ಜನರ ಅಸಮಾಧಾನದ ಪಟ್ಟಿಯಲ್ಲಿ ಈ ಕಾಯ್ದೆಯನ್ನೂ ಸೇರಿಸಿದ್ದಾರೆ.

ಎರಡನೆಯ ಗಂಟು ಬಿಚ್ಚಲು ಇನ್ನೂ ಹದಿನಾರು ವರ್ಷ ಬೇಕಾಯಿತು. ಕೌಂಡಿನ್ಯರು 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದಾಗಲೂ ಭಾರತದಲ್ಲಿ ಅಂಥ ಕಾಯ್ದೆ ಇರಲಿಲ್ಲ. ಮಿಷನರಿ ಸಂಘಗಳ ಒತ್ತಾಯದ ಫಲವಾಗಿ ವೈಸರಾಯರ ಶಾಸನ ಸಭೆಯಲ್ಲಿ ಕಾನೂನು ಸದಸ್ಯ ಹೆನ್ರಿ ಮೇಯ್ನ್ ಮಸೂದೆ ತಂದ. ಅದು 1866ರಲ್ಲಿ ಕಾಯ್ದೆಯಾಯಿತು. ಕಾಕತಾಳೀಯವೆಂಬಂತೆ ಇದರ ಸಂಖ್ಯೆಯೂ 21. ಮತಾಂತರದ ಕಾರಣಕ್ಕೆ ಸಂಗಾತಿ ಆರು ತಿಂಗಳು ಸತತವಾಗಿ ದೂರವಿದ್ದರೆ ಮತಾಂತರಗೊಂಡವರು ನ್ಯಾಯಾಲಯಕ್ಕೆ ಹೋಗಬಹುದಿತ್ತು. ನ್ಯಾಯಾಧೀಶರು ಇನ್ನೊಬ್ಬರನ್ನು ಕರೆಸಿ ವಿಚಾರಿಸಬೇಕು. ಮನಸ್ಸು ಬದಲಾದೀತೇನೋ ಎಂದು ಒಂದು ವರ್ಷ ಪ್ರಕರಣ ಮುಂದೂಡಬೇಕು. ಆಮೇಲೂ ಒಪ್ಪದಿದ್ದರೆ ಮದುವೆ ರದ್ದು. ಆಗ ಇಬ್ಬರೂ ಮರುಮದುವೆಯಾಗಬಹುದು ಎಂದು ಕಾಯ್ದೆ ಹೇಳಿತು. ಆದರೆ ತವರಿಗೆ ಮರಳಿದ ಆ ಕಾಲದ ಮೇಲುಜಾತಿಯ ಹೆಣ್ಣಿಗೆ ಮರುಮದುವೆ ಮಾಡುವವರು ಯಾರು? ಕಾಯ್ದೆ ಕೊಟ್ಟ ಬಿಡುಗಡೆ ಬಹುತೇಕ ಗಂಡಿಗೇ ದಕ್ಕಿತು.

ಇಷ್ಟೆಲ್ಲ ಘಟ್ಟದ ಕೆಳಗಿನ ಮಾತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಘಟ್ಟದ ಮೇಲಿನ ಕಡೂರು, ತರೀಕೆರೆಗಳು ಮೈಸೂರು ಸಂಸ್ಥಾನದವು. 1863ರಲ್ಲಿ ರಚನೆಯಾದ ಜಿಲ್ಲೆಗೆ ಕಡೂರಿನದೇ ಹೆಸರು. ಎರಡು ವರ್ಷದಲ್ಲಿ ಕಚೇರಿಗಳು ಚಿಕ್ಕಮಗಳೂರಿಗೆ ಹೋದರೂ ‘ಕಡೂರು ಜಿಲ್ಲೆ’ ಎಂಬ ಹೆಸರು 1947ರವರೆಗೂ ಉಳಿಯಿತು. ಬ್ರಿಟಿಷ್ ಇಂಡಿಯಾದ ಕಾಯ್ದೆಗಳು ತಾವಾಗಿಯೇ ಘಟ್ಟ ಹತ್ತಿ ಇಲ್ಲಿಗೆ ಬರುತ್ತಿರಲಿಲ್ಲ. ಅವನ್ನು ಸಂಸ್ಥಾನ ಪ್ರತ್ಯೇಕವಾಗಿ ಜಾರಿಗೊಳಿಸಬೇಕಾಗಿತ್ತು, ಇಲ್ಲವೇ ತನ್ನದೇ ಕಾಯ್ದೆ ಮಾಡಬೇಕಾಗಿತ್ತು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದ 1894ರ ಶಿಶುವಿವಾಹ ನಿಬಂಧನೆ ಹಾಗೆ ಮೈಸೂರು ತಾನೇ ಮಾಡಿಕೊಂಡದ್ದು. ಘಟ್ಟದ ಮೇಲೆ ಕೆಳಗೆ ಎಲ್ಲರಿಗೂ ಒಂದೇ ನಿಯಮ ಅನ್ವಯಿಸಲು ಸಂವಿಧಾನ ಬರಬೇಕಾಯಿತು.

ಕಾಯ್ದೆಯ ಬದಲು ಕಾರ್ಖಾನೆ

ಈ ಎರಡು ಕಾಯ್ದೆಗಳಿಂದ ಪ್ರಯೋಜನ ಪಡೆಯಬೇಕಾದರೆ ಪಿತ್ರಾರ್ಜಿತ ಇರಬೇಕು, ಇಲ್ಲವೇ ನ್ಯಾಯಾಲಯದ ಖರ್ಚು ತಡೆಯುವ ಶಕ್ತಿಯಾದರೂ ಇರಬೇಕು. ಬಾಸೆಲ್ ಮಿಷನ್ನಿನ ಸಭೆಗಳಿಗೆ ಸೇರಿದವರಲ್ಲಿ ಕೌಂಡಿನ್ಯರಂಥವರು ಬೆರಳೆಣಿಕೆಯಷ್ಟು. ಮಂಗಳೂರಿನ ಸುತ್ತಮುತ್ತ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಮೂರ್ತೆ ಕಸುಬನ್ನು ಸಭೆ ಒಪ್ಪುತ್ತಿರಲಿಲ್ಲ. ಗೇಣಿಯ ಜಮೀನು ಧಣಿಯ ಮರ್ಜಿಯಲ್ಲಿತ್ತು. ಮತ ಬದಲಾದೊಡನೆ ಅವರು ಕಳೆದುಕೊಂಡದ್ದು ಆಸ್ತಿಯನ್ನಲ್ಲ, ಅನ್ನದ ದಾರಿಯನ್ನು. ಅದಕ್ಕೆ ಕಾಯ್ದೆಯಲ್ಲಿ ಪರಿಹಾರವಿರಲಿಲ್ಲ.

ಮಿಷನ್ನು ಹುಡುಕಿದ ಪರಿಹಾರ ಕಾರ್ಖಾನೆ. ಕೈಮಗ್ಗದ ನೇಯ್ಗೆ, ಮುದ್ರಣಾಲಯ, ಬುಕ್ ಬೈಂಡಿಂಗ್, ಕೊನೆಗೆ 1865ರಲ್ಲಿ ಪ್ಲೆಬ್ಸ್ಟ್ ಎಂಬಾತ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚು ಮಲೆನಾಡಿನ ಮಾಡುಗಳಿಗೂ ಬಯಲುಸೀಮೆಯ ರೈಲು ನಿಲ್ದಾಣಗಳಿಗೂ ಏರಿ ಮನೆಮಾತಾದದ್ದು ಎಲ್ಲರಿಗೂ ಗೊತ್ತು. ಅದರ ಮೂಲದಲ್ಲಿದ್ದದ್ದು ಕೆಲಸ ಕಳೆದುಕೊಂಡವರಿಗೆ ಕೂಲಿ ಒದಗಿಸುವ ಚಿಂತೆ. ದೊರೆಯ ಕಾಯ್ದೆಯಲ್ಲಿ ತಲೆಹಾಕಲು ಹಿಂಜರಿಯುವ ಲೂಥರನ್ ಸ್ವಭಾವಕ್ಕೂ, ಬ್ರಿಟಿಷರ ರಾಜ್ಯದಲ್ಲಿ ತಾವು ಪರದೇಶೀಯರು ಎಂಬ ಎಚ್ಚರಕ್ಕೂ ಈ ದಾರಿ ಒಗ್ಗಿತು. ಆ ಎಚ್ಚರ ಸುಳ್ಳಾಗಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧಿತರಾಗಿ ದೇಶ ಬಿಡಬೇಕಾಯಿತು. ಕಾರ್ಖಾನೆಗಳು ಸರ್ಕಾರದ ವಶಕ್ಕೆ ಹೋಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಕೊಡಗಿನಲ್ಲಿ ಇನ್ನೂ ಕೆಳಗಿನ ಸ್ತರದ ಪ್ರಶ್ನೆ ಎದುರಾಯಿತು. ಅಲ್ಲಿ ಜಮೀನಿನೊಡನೆ ಕಟ್ಟುಬಿದ್ದಿದ್ದ ಹೊಲೆಯ ಕುಟುಂಬಗಳಿಗಾಗಿ ಮೋಗ್ಲಿಂಗರು ಆನಂದಪುರ ಎಂಬ ನೆಲೆಯನ್ನು ಕಟ್ಟಿದರು. ಕಾಡು ಕಡಿದು ಕಾಫಿ ಹಾಕಿ ಅದರಿಂದ ಊರು ಬದುಕಬೇಕೆಂಬ ಯೋಜನೆ. ಬ್ರಾಹ್ಮಣ ಮನೆತನದ ಕೌಂಡಿನ್ಯರು ಆ ಹೊಲೆಯ ಕುಟುಂಬಗಳ ನಡುವೆ ಪಾದ್ರಿಯಾಗಿ ದುಡಿದರು. ಒಂದೇ ಸಭೆ, ಒಂದೇ ಮೇಜು. ಆದರೆ ಕಾಯ್ದೆಯ ಕಣ್ಣಿಗೆ ಇಬ್ಬರೂ ಒಂದೇ ಆಗಿರಲಿಲ್ಲ. ಕೌಂಡಿನ್ಯರ ತೊಂದರೆಯಂಥದಕ್ಕೆ ಎರಡು ಕಾಯ್ದೆ ಬಂದವು. ಮತಾಂತರದಿಂದ ಕಳೆದುಕೊಳ್ಳಲು ಸೆರಗಿನ ಗಂಟೂ ಇಲ್ಲದವರಿಗೆ ಯಾವ ಕಾಯ್ದೆಯೂ ಬರಲಿಲ್ಲ.

ಸಭೆಯೊಳಗೆ ಜಾತಿ

ಕ್ರೈಸ್ತರಾದ ಮೇಲೆ ಜಾತಿ ಹೋಗುತ್ತದೆಯೇ? ಇಂದು ನ್ಯಾಯಾಲಯಗಳಲ್ಲಿ ಕೇಳಿಬರುವ ಈ ಪ್ರಶ್ನೆಯ ಬಗ್ಗೆ ಮಿಷನರಿಗಳೇ ಜಗಳವಾಡಿದ್ದಾರೆ. ತಮಿಳುನಾಡಿನಲ್ಲಿ ತರಂಗಂಬಾಡಿಯ ಹಳೆಯ ಸಭೆಗಳನ್ನು ವಹಿಸಿಕೊಂಡ ಲೈಪ್ಸಿಗ್ ಲೂಥರನ್ ಮಿಷನ್ನಿನ ಮುಖ್ಯಸ್ಥ ಕಾರ್ಲ್ ಗ್ರೌಲ್, ಜಾತಿ ಒಂದು ಸಾಮಾಜಿಕ ಪದ್ಧತಿ, ಅದನ್ನು ಬಲವಂತದಿಂದ ಕೀಳುವುದು ಸಭೆಯ ಕೆಲಸವಲ್ಲ, ಕಾಲಕ್ರಮದಲ್ಲಿ ಅದು ತಾನೇ ಕರಗಲಿ ಎಂದ. ಮದರಾಸಿನ ಇತರ ಮಿಷನ್ನುಗಳು 1850ರಲ್ಲಿ ಸೇರಿ, ಜಾತಿ ಬಿಡದವನಿಗೆ ದೀಕ್ಷೆಯೇ ಇಲ್ಲ ಎಂಬ ನಿಲುವು ತಳೆದವು. ಬಾಸೆಲ್ ಮಿಷನ್ನು ಕಟ್ಟುನಿಟ್ಟಿನವರ ಪಕ್ಷದಲ್ಲಿತ್ತು. ಹೀಗೆ ಲೂಥರನ್ನರಲ್ಲೇ ಎರಡು ಬಣ.

ಕಟ್ಟುನಿಟ್ಟು ಗೆದ್ದಿತು ಎಂದು ದಾಖಲೆಗಳು ಹೇಳಬಹುದು. ಬದುಕು ಹಾಗೆ ಹೇಳುವುದಿಲ್ಲ. ಪ್ರತ್ಯೇಕ ಸಾಲಿನಲ್ಲಿ ಕೂರುವುದು, ಪ್ರತ್ಯೇಕ ಸ್ಮಶಾನ, ಜಾತಿಯೊಳಗೇ ಮದುವೆ – ದಕ್ಷಿಣ ಭಾರತದ ಹಲವು ಸಭೆಗಳಲ್ಲಿ, ವಿಶೇಷವಾಗಿ ತಮಿಳುನಾಡಿನಲ್ಲಿ, ಇವು ಶತಮಾನ ದಾಟಿ ಉಳಿದವು. ಊರಿನವರ ಕಣ್ಣಲ್ಲಂತೂ ಕಾಲೊನಿಯವರು ಯಾವ ದೇವರಿಗೆ ಕೈಮುಗಿದರೂ ಕಾಲೊನಿಯವರೇ.

ರಾಂಚಿಯಿಂದ ಕರಾವಳಿಗೆ

ಲೂಥರನ್ನರು ಬಡವರಿಗಾಗಿ ಕಾಯ್ದೆ ಕೇಳಲೇ ಇಲ್ಲವೆಂದಲ್ಲ. ಕೇಳಿದ್ದಾರೆ, ಆದರೆ ಕನ್ನಡ ನಾಡಿನಿಂದ ದೂರದಲ್ಲಿ, ಇಂದಿನ ಜಾರ್ಖಂಡಿನಲ್ಲಿ. 1845ರಲ್ಲಿ ಬರ್ಲಿನ್ನಿನ ಗೋಸ್ನರ್ ಮಿಷನ್ನಿನ ನಾಲ್ವರು ರಾಂಚಿಗೆ ಬಂದರು. ಅಲ್ಲಿನ ಮುಂಡಾ, ಉರಾಂವ್ ಬುಡಕಟ್ಟಿನವರಿಗೆ ಹೊರಗಿನ ಜಮೀನ್ದಾರರು, ಗುತ್ತಿಗೆದಾರರು ತಮ್ಮ ಪೂರ್ವಿಕರು ಕಾಡು ಕಡಿದು ಮಾಡಿದ ಹೊಲವನ್ನು ಕಬಳಿಸಿದ್ದೇ ದೊಡ್ಡ ಸಂಕಟ. ಪಾದ್ರಿಗಳ ಬಳಿ ಬಂದವರಲ್ಲಿ ಅನೇಕರು ಮೊದಲು ಹೇಳಿಕೊಂಡದ್ದು ಜಮೀನಿನ ದುಃಖವನ್ನು. ಮಿಷನರಿಗಳು ಅವರ ಪರವಾಗಿ ಅಧಿಕಾರಿಗಳಿಗೆ ಬರೆದರು. 1869ರಲ್ಲಿ ಛೋಟಾನಾಗಪುರ ಹಿಡುವಳಿ ಕಾಯ್ದೆ ಬಂದು ಮೂಲನಿವಾಸಿಗಳ ‘ಭುಯಿನ್‌ಹಾರಿ’ ಜಮೀನುಗಳ ದಾಖಲೆ ಆರಂಭವಾಯಿತು.

ಅದು ಸಾಲಲಿಲ್ಲ. ಬುಡಕಟ್ಟಿನ ಸರದಾರರು ಪಾದ್ರಿಗಳನ್ನು ಬಿಟ್ಟು ತಾವೇ ಅರ್ಜಿಗಳನ್ನು ಬರೆಸಿ ಕಲ್ಕತ್ತಾಕ್ಕೂ ಲಂಡನ್ನಿಗೂ ಕಳುಹಿಸತೊಡಗಿದರು. ಚಾಯಿಬಾಸಾದ ಜರ್ಮನ್ ಮಿಷನ್ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಮುಂದೆ ಸಭೆಯನ್ನೇ ಬಿಟ್ಟು ದಂಗೆಯ ನಾಯಕನಾದ. ಅವನೇ ಬಿರ್ಸಾ ಮುಂಡಾ. 1900ರಲ್ಲಿ ಅವನು ರಾಂಚಿಯ ಸೆರೆಮನೆಯಲ್ಲಿ ತೀರಿಕೊಂಡ. ಎಂಟು ವರ್ಷಗಳ ಬಳಿಕ, 1908ರಲ್ಲಿ, ಬುಡಕಟ್ಟಿನ ಜಮೀನು ಹೊರಗಿನವರ ಕೈಸೇರದಂತೆ ತಡೆಯುವ ಛೋಟಾನಾಗಪುರ ಗೇಣಿ ಕಾಯ್ದೆ ಜಾರಿಗೆ ಬಂತು. ಪಾದ್ರಿಗಳ ಅರ್ಜಿ ದಾರಿ ತೆರೆದಿರಬಹುದು. ಕಾಯ್ದೆಯನ್ನು ತಂದದ್ದು ಜನ ತಾವೇ ಎದ್ದು ನಿಂತದ್ದು.

ಮದರಾಸು ಪ್ರಾಂತ್ಯದಲ್ಲೂ ಇಂಥದೊಂದು ಪ್ರಯತ್ನ ನಡೆಯಿತು. ಚೆಂಗಲ್ಪಟ್ಟು ಜಿಲ್ಲೆಯ ಅಸ್ಪೃಶ್ಯ ಕೂಲಿಗಳಿಗೆ ಮನೆಕಟ್ಟಲೂ ಸ್ವಂತ ನೆಲವಿಲ್ಲ ಎಂಬುದನ್ನು ಅಲ್ಲಿನ ಸ್ಕಾಟಿಷ್ ಮತ್ತು ವೆಸ್ಲಿಯನ್ ಮಿಷನರಿಗಳು ಸರ್ಕಾರದ ಮುಂದಿಟ್ಟರು. ಕಲೆಕ್ಟರ್ ಟ್ರೆಮೆನ್‌ಹೀರ್ 1891ರಲ್ಲಿ ವಿವರವಾದ ವರದಿ ಬರೆದ. 1892ರಲ್ಲಿ ಹೊರಟ ಸರ್ಕಾರಿ ಆದೇಶ ದಲಿತರಿಗೆಂದು ಜಮೀನು ತೆಗೆದಿಡುವ, ಅದು ಪರಭಾರೆಯಾಗದಂತೆ ನಿರ್ಬಂಧಿಸುವ ಪದ್ಧತಿಗೆ ನಾಂದಿ ಹಾಡಿತು. ಇದರ ಕುರುಹು ಕನ್ನಡ ನಾಡಿನಲ್ಲೂ ಇದೆ. ದಕ್ಷಿಣ ಕನ್ನಡ ಮತ್ತು ಉಡುಪಿಯ ಕಂದಾಯ ದಾಖಲೆಗಳಲ್ಲಿ ‘ಡಿ.ಸಿ. ಮನ್ನಾ’ ಎಂಬ ಜಮೀನುಗಳಿವೆ. ಡಿ.ಸಿ. ಎಂದರೆ ಇಲ್ಲಿ ಜಿಲ್ಲಾಧಿಕಾರಿಯಲ್ಲ, ‘ಡಿಪ್ರೆಸ್ಡ್ ಕ್ಲಾಸ್’. ಮದರಾಸು ಪ್ರಾಂತ್ಯದ ಕಾಲದಲ್ಲಿ ದಲಿತರಿಗಾಗಿ ಕಾದಿರಿಸಿದ ಆ ಭೂಮಿಯನ್ನು ಹಂಚಿ ಎಂದು ಅಲ್ಲಿನ ದಲಿತ ಸಂಘಟನೆಗ‍ಳು ಈ ಕಾಲದಲ್ಲೂ ಹೋರಾಡುತ್ತ ಬಂದಿವೆ.

ಮೂರನೆಯ ಕಂಡಿಕೆ

ಈಗ ತಾಲ್ಲೂಕು ಕಚೇರಿಯ ಆ ಒಂದು ಪದಕ್ಕೆ ಬರೋಣ. 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಸ್ಥಾನಗಳಿದ್ದವು. ಒಬ್ಬನೇ ಎರಡು ಕಡೆ ಲೆಕ್ಕಕ್ಕೆ ಬರಬಾರದೆಂದು 1936ರ ಪರಿಶಿಷ್ಟ ಜಾತಿಗಳ ಆದೇಶ ಕ್ರೈಸ್ತರನ್ನು ಪಟ್ಟಿಯಿಂದ ಹೊರಗಿಟ್ಟಿತು. ಅದಕ್ಕೊಂದು ತರ್ಕವಿತ್ತು.

ಸಂವಿಧಾನ ರಚನಾ ಸಭೆಯಲ್ಲಿ ಆ ತರ್ಕದ ಬುಡವೇ ಕಳಚಿತು. 1949ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನ ಸಭೆಗಳಲ್ಲಿ ಸ್ಥಾನ ಮೀಸಲಿಡುವುದನ್ನು ಕೈಬಿಡಲಾಯಿತು. ಸಭೆಯ ಉಪಾಧ್ಯಕ್ಷರಾಗಿದ್ದ ಕ್ರೈಸ್ತ ಮುಖಂಡ ಎಚ್.ಸಿ. ಮುಖರ್ಜಿ, ಮಂಗಳೂರಿನಲ್ಲಿ ಹುಟ್ಟಿ ಮದರಾಸಿನಿಂದ ಸದಸ್ಯರಾಗಿದ್ದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಇದನ್ನು ಬೆಂಬಲಿಸಿದರು. ಹೊಸ ರಾಷ್ಟ್ರದಲ್ಲಿ ತಮ್ಮವರು ಪ್ರತ್ಯೇಕ ಕೋಟೆ ಕಟ್ಟಿಕೊಳ್ಳಬಾರದೆಂಬ ಅವರ ಆಶಯ ದೊಡ್ಡದು. ಆದರೆ ಮರುವರ್ಷವೇ, 1950ರ ಆಗಸ್ಟ್ 10ರಂದು, ರಾಷ್ಟ್ರಪತಿಗಳ ಪರಿಶಿಷ್ಟ ಜಾತಿಗಳ ಆದೇಶ ಹೊರಬಿತ್ತು. ಹಿಂದೂ ಧರ್ಮಕ್ಕಿಂತ ಬೇರೆಯ ಧರ್ಮವನ್ನು ಅನುಸರಿಸುವ ಯಾರನ್ನೂ ಪರಿಶಿಷ್ಟ ಜಾತಿಯವನೆಂದು ಪರಿಗಣಿಸತಕ್ಕದ್ದಲ್ಲ ಎಂದಿತು ಅದರ ಮೂರನೆಯ ಕಂಡಿಕೆ. ಕ್ರೈಸ್ತರಾಗಿ ಸಿಗಬೇಕಾದದ್ದನ್ನು ಮುಖಂಡರು ಬಿಟ್ಟುಕೊಟ್ಟರು; ದಲಿತರಾಗಿ ಸಿಗಬೇಕಾದದ್ದನ್ನು ಆದೇಶ ಕಿತ್ತುಕೊಂಡಿತು. ಬಡವರು ನಡುನೀರಿನಲ್ಲಿ ಉಳಿದರು. ಈ ಆದೇಶ ಮಾತ್ರ ಘಟ್ಟದ ಮೇಲೂ ಕೆಳಗೂ ಒಂದೇ ದಿನ ಜಾರಿಯಾಯಿತು.

ಕಂಡಿಕೆ ಕಲ್ಲಿನಲ್ಲಿ ಕೆತ್ತಿದ್ದೇನೂ ಅಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿ ಅದನ್ನು ತಿದ್ದಲಾಯಿತು. ಕ್ರೈಸ್ತ ಸಭೆಗಳೂ ತಮ್ಮವರಿಗಾಗಿ ಅದೇ ತಿದ್ದುಪಡಿ ಕೇಳಿದವು. 1926ರಲ್ಲಿ ಒಕ್ಕೂಟವಾಗಿ ಸೇರಿದ ಭಾರತದ ಲೂಥರನ್ ಸಭೆಗಳಿಗೆ ಇದು ದೂರದ ಮಾತಲ್ಲ. ಅವುಗಳಲ್ಲಿ ದೊಡ್ಡದಾದ, ಗುಂಟೂರಿನಲ್ಲಿ ಕೇಂದ್ರವಿರುವ ಆಂಧ್ರ ಲೂಥರನ್ ಸಭೆಯ ಬಹುಪಾಲು ಜನ ಮಾಲ, ಮಾದಿಗ ಮೂಲದವರು. ಬಾಸೆಲ್ ಮಿಷನ್ನಿನ ದಕ್ಷಿಣ ಕನ್ನಡದ ಸಭೆಗಳು, ಹಳೆಯ ಮೈಸೂರಿನ ವೆಸ್ಲಿಯನ್ ಸಭೆಗಳು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ.ಗೆ ಸೇರಿದವು. ಈ ಪ್ರೊಟೆಸ್ಟೆಂಟ್ ಸಭೆಗಳ ರಾಷ್ಟ್ರೀಯ ಮಂಡಳಿಯೂ ಕೆಥೊಲಿಕ್ ಬಿಷಪ್ಪರ ಮಂಡಳಿಯೂ ಆಗಸ್ಟ್ 10ನ್ನು ‘ಕರಾಳ ದಿನ’ವೆಂದು ಆಚರಿಸುತ್ತ ಬಂದಿವೆ.

ನ್ಯಾಯಾಲಯದಲ್ಲಿ ಮೊದಲ ದೊಡ್ಡ ಪ್ರಕರಣ ಚಪ್ಪಲಿ ಹೊಲಿಯುವ ಒಬ್ಬರದು. ಮದರಾಸಿನ ಬೀದಿ ಬದಿಯಲ್ಲಿ ಕೂತು ದುಡಿಯುವ ಮೋಚಿಗಳಿಗೆ ಸರ್ಕಾರ ಉಚಿತವಾಗಿ ಗೂಡಂಗಡಿ ಕೊಟ್ಟಾಗ, ಕ್ರೈಸ್ತರೆಂಬ ಕಾರಣಕ್ಕೆ ಸೂಸೈ ಎಂಬುವರಿಗೆ ಸಿಗಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟು ಅವರ ಅರ್ಜಿಯನ್ನು ವಜಾ ಮಾಡಿತು. ಮತಾಂತರದ ನಂತರವೂ ಜಾತಿ ಉಳಿದಿದೆ ಎಂದರೆ ಸಾಲದು. ಜಾತಿಯಿಂದ ಬರುವ ಹಿಂಸೆ ಅಷ್ಟೇ ತೀವ್ರವಾಗಿ ಉಳಿದಿದೆ ಎಂದು ಆಧಾರಸಹಿತ ತೋರಿಸಬೇಕು ಎಂದಿತು. ಮೇಲುಜಾತಿಯ ಪಕ್ಕದ ಮನೆಯವನಿಗೆ ಗೊತ್ತಿರುವುದನ್ನು ನ್ಯಾಯಾಲಯಕ್ಕೆ ಸಾಬೀತು ಮಾಡುವುದು ಕಷ್ಟದ ಕೆಲಸ.

1996ರಲ್ಲಿ ಕೇಂದ್ರದಲ್ಲಿ ತಿದ್ದುಪಡಿ ಮಸೂದೆ ಸಿದ್ಧವಾಗಿಯೂ ಮಂಡನೆಯಾಗಲಿಲ್ಲ. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಗಳು ದಾಖಲಾದವು. 2007ರಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ ಪರಿಶಿಷ್ಟ ಜಾತಿ ಸ್ಥಾನವನ್ನು ಧರ್ಮದಿಂದ ಬೇರ್ಪಡಿಸಬೇಕೆಂದು ಶಿಫಾರಸು ಮಾಡಿತು. ಆಯೋಗದ ಸದಸ್ಯ ಕಾರ್ಯದರ್ಶಿ ಆಶಾ ದಾಸ್ ಭಿನ್ನಮತ ಬರೆದರು. 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. ಎರಡು ವರ್ಷದ ಅದರ ಅವಧಿಯನ್ನು ಬಳಿಕ ವಿಸ್ತರಿಸಲಾಯಿತು.

ಎರಡೂ ಕಡೆಯ ಮಾತು

ವಿರೋಧದ ವಾದಗಳು ಹಗುರವಾದವಲ್ಲ. ಅಸ್ಪೃಶ್ಯತೆ ಹಿಂದೂ ಸಮಾಜದ ರೋಗ. ಜಾತಿಯಿಲ್ಲವೆಂದು ಸಾರುವ ಧರ್ಮಕ್ಕೆ ಹೋದವರು ಅದೇ ರೋಗದ ಔಷಧ ಕೇಳುವುದು ಹೇಗೆ ಎಂಬುದು ಒಂದು. ಮಿಷನ್ ಶಾಲೆಗಳ ಓದು ಸಿಕ್ಕವರು ಮೀಸಲಾತಿಯ ಪಾಲಿಗೂ ಬಂದರೆ ಈಗಾಗಲೇ ಸಾಲದ ಪಾಲು ಇನ್ನೂ ತೆಳುವಾಗುತ್ತದೆ ಎಂಬುದು ಹಲವು ದಲಿತ ಸಂಘಟನೆಗಳ ಆತಂಕ. ಕ್ರೈಸ್ತ ಸಮಾಜದಲ್ಲಿ ಅಂಥ ದಬ್ಬಾಳಿಕೆಗೆ ಚಾರಿತ್ರಿಕ ಆಧಾರವಿಲ್ಲ ಎಂದು ಕೇಂದ್ರ ಸರ್ಕಾರ 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಪ್ರಯೋಜನಕ್ಕಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಪುದುಚೇರಿಯ ಪ್ರಕರಣವೊಂದರಲ್ಲಿ ತೀರ್ಪಿತ್ತಿತು.

ಮತ್ತೊಂದು ಕಡೆಯ ಮಾತೂ ಇದೆ. ಸಿಖ್ ಮತ್ತು ಬೌದ್ಧ ಧರ್ಮಗಳೂ ಜಾತಿಯನ್ನು ಒಪ್ಪುವುದಿಲ್ಲ, ಆದರೂ ಅವರನ್ನು ಸೇರಿಸಲಾಗಿದೆ. ಕ್ರೈಸ್ತನಾದವನು ಹಿಂದೂ ಧರ್ಮಕ್ಕೆ ಮರಳಿ, ಅವನ ಮೂಲ ಜಾತಿಯವರು ಒಪ್ಪಿಕೊಂಡರೆ ಪರಿಶಿಷ್ಟ ಜಾತಿಯ ಸ್ಥಾನವೂ ಮರಳುತ್ತದೆ ಎಂದು ಸುಪ್ರೀಂ ಕೋರ್ಟೇ 2015ರಲ್ಲಿ ಹೇಳಿದೆ. ಹಾಗಾದರೆ ನಡುವಿನ ಕಾಲದಲ್ಲಿ ಆ ಜಾತಿ ಎಲ್ಲಿ ಹೋಗಿತ್ತು?

ಮೀಸಲಾತಿಯ ಮಾತು ಬಿಟ್ಟರೂ ಇನ್ನೊಂದು ಉಳಿಯುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಾತ್ರ. ಜಾತಿ ಹಿಡಿದು ಬೈದವನು ಬೈಸಿಕೊಂಡವನ ಧರ್ಮ ಕೇಳಿ ಬೈಯುವುದಿಲ್ಲ. ದೂರು ಬರೆದುಕೊಳ್ಳುವ ಠಾಣೆಗೆ ಮಾತ್ರ ಅದು ಬೇಕಾಗುತ್ತದೆ.

ರಾಜ್ಯಗಳು ನಡುದಾರಿ ಹುಡುಕಿವೆ. ಆಂಧ್ರಪ್ರದೇಶ ಇವರನ್ನು ಹಿಂದುಳಿದ ವರ್ಗಗಳ ‘ಸಿ’ ಗುಂಪಿನಲ್ಲಿಟ್ಟು ಶೇ. 1 ಮೀಸಲಾತಿ ಕೊಟ್ಟಿತು. ಕರ್ನಾಟಕ ಪರಿಶಿಷ್ಟ ಜಾತಿಯಿಂದ ಮತಾಂತರಗೊಂಡ ಕ್ರೈಸ್ತರನ್ನು ಪ್ರವರ್ಗ–1ರಲ್ಲಿ ಸೇರಿಸಿ, ಉಳಿದ ಕ್ರೈಸ್ತರನ್ನು 3–ಬಿಯಲ್ಲಿ ಇಟ್ಟಿತು. ಅಂದರೆ ರಾಜ್ಯದ ಪಟ್ಟಿಯೇ ಎರಡು ಬಗೆಯ ಕ್ರೈಸ್ತರಿದ್ದಾರೆ, ಅವರ ಸ್ಥಿತಿ ಬೇರೆ ಬೇರೆ ಎಂದು ಒಪ್ಪಿಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಇದೇ ಪ್ರಶ್ನೆ ಮತ್ತೆ ಎದ್ದಿತು. ಜಾತಿಯ ಹೆಸರಿನ ಜೊತೆ ‘ಕ್ರೈಸ್ತ’ ಎಂದು ಜೋಡಿಸಿದ ಹೆಸರುಗಳು ಪಟ್ಟಿಯಲ್ಲಿದ್ದದ್ದಕ್ಕೆ ಆಕ್ಷೇಪ ಬಂದು, ಅಂಥ 33 ಹೆಸರುಗಳನ್ನು ಗಣತಿದಾರರ ಪಟ್ಟಿಯಲ್ಲಿ ಕಾಣದಂತೆ ಮಾಡಲಾಯಿತು. ಹೆಸರು ಪಟ್ಟಿಯಿಂದ ಮರೆಯಾಯಿತು. ಮನೆ ಇದ್ದಲ್ಲೇ ಇತ್ತು.

1844ರಲ್ಲಿ ಮಂಗಳೂರಿನ ತರುಣನೊಬ್ಬ ಮತ ಬದಲಿಸಿದಾಗ ಅವನು ಏನನ್ನು ಕಳೆದುಕೊಳ್ಳಬಾರದು ಎಂದು ಯೋಚಿಸಿದವರು ಇಪ್ಪತ್ತೆರಡು ವರ್ಷಗಳೊಳಗೆ ಎರಡು ಕಾಯ್ದೆಗಳನ್ನು ಪಡೆದರು. ಧರ್ಮ ಬಿಟ್ಟವನು ಹಕ್ಕು ಬಿಟ್ಟವನಲ್ಲ ಎಂಬುದು ಆ ಕಾಯ್ದೆಗಳ ತಿರುಳು. 1950ರ ಆದೇಶ ಅದೇ ತಿರುಳನ್ನು ತಿರುಗಿಸಿ ಹಾಕಿತು. ಎಪ್ಪತ್ತೈದು ವರ್ಷ ದಾಟಿದರೂ, ಆಯೋಗಗಳ ಮೇಲೆ ಆಯೋಗ ಬಂದರೂ, ಉತ್ತರ ಸಿಕ್ಕಿಲ್ಲ. ಅಜ್ಜಂಪುರದ ಕಚೇರಿಯ ಮೇಜಿನ ಮೇಲೆ ಅರ್ಜಿ ಇಟ್ಟು ನಿಲ್ಲುವ ಕೂಲಿಯವರ ಮಗನಿಗೆ ಲೂಥರ್ ಯಾರೆಂದು ಗೊತ್ತಿರಬೇಕಾಗಿಲ್ಲ, ಕೌಂಡಿನ್ಯರ ಹೆಸರೂ ಗೊತ್ತಿರಬೇಕಾಗಿಲ್ಲ. ಧರ್ಮದ ಕಲಮಿಗೆ ಬಂದಾಗ ಅವನ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ. ನಿಜ ಬರೆದರೆ ನಷ್ಟ, ಸುಳ್ಳು ಬರೆದರೆ ವಂಚನೆ. ಒಬ್ಬ ವಿದ್ಯಾರ್ಥಿಯನ್ನು ಹೀಗೆ ನಿಲ್ಲಿಸುವ ಕಲಮಿನ ಬಗ್ಗೆ ಸಂಸತ್ತೋ ನ್ಯಾಯಾಲಯವೋ ಹೌದು ಅಥವಾ ಅಲ್ಲ ಎಂದು ಸ್ಪಷ್ಟವಾಗಿ ಹೇಳುವವರೆಗೆ ಆ ಅರ್ಜಿ ತಾಲ್ಲೂಕು ಕಚೇರಿಯಲ್ಲಿ ಇತ್ಯರ್ಥವಾಗುವುದಲ್ಲ.